ಡುಲ್ಸಿನ್ ಹೆಸರಿಗೆ ಏಳು ವರ್ಷದ ತೆರಿಗೆ

ಬೆಳ್ಮಣ್
11 ಫೆಬ್ರವರಿ 2004, ಬುಧವಾರ

ಪ್ರೀತಿಯ ಡುಲ್ಸಿನ್,

ಹೇಗಿದ್ದಿ? ಮೊಣಕಾಲಿನ ನೋವು ಈಗ ಹೇಗೆ ಉಂಟು? ಕಳೆದ ವಾರ ಫೋನಿನಲ್ಲಿ ಕಡಿಮೆಯಾಗಿದೆ ಎಂದೆ, ಆದರೆ ಇಪ್ಪತ್ತು ವರ್ಷ ನರ್ಸ್ ಆಗಿ ಬೇರೆಯವರ ನೋವನ್ನು ಬರೆದುಕೊಳ್ಳುವ ನೀನು ನಿನ್ನ ನೋವನ್ನು ಮಾತ್ರ ಯಾವತ್ತೂ ಸರಿಯಾಗಿ ಹೇಳಿದವಳಲ್ಲ. ವಾರ್ಡಿನಲ್ಲಿ ನಿಂತೇ ಇರಬೇಡ, ಚಿಕ್ಕವರಿಗೆ ಓಡಾಡಲು ಹೇಳು. ನಾನು ಗಟ್ಟಿಯಾಗಿದ್ದೇನೆ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಕ್ಲಾಯ್ಡ್ ಶನಿವಾರ ಮಣಿಪಾಲದಿಂದ ಬಂದಿದ್ದ, ಒಂದು ಚೀಲ ಮಾಸಿದ ಬಟ್ಟೆ ತಂದು ಒಂದು ಚೀಲ ತಿಂಡಿ ಕಟ್ಟಿಸಿಕೊಂಡು ಹೋದ. ಫಿಸಿಯೋಥೆರಪಿ ಓದುವ ಹುಡುಗ ನನ್ನ ಭುಜವನ್ನು ತಿರುಗಿಸಿ ನೋಡಿ, 'ಡ್ಯಾಡಿ, ನಿಮ್ಮದು ಸ್ವಲ್ಪ ತುಕ್ಕು ಹಿಡಿದಿದೆ' ಎಂದ. ಅಮ್ಮನ ಮೊಣಕಾಲು ನೋಡಲು ಈಗಲೇ ತಯಾರಾಗಿದ್ದಾನೆ. ಅತ್ತೂರಿನ ಹಬ್ಬಕ್ಕೆ ಈ ಸಲವೂ ನಿನ್ನ ಹೆಸರಿನಲ್ಲಿ ಮೊಂಬತ್ತಿ ಹಚ್ಚಿದೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಆಶ್ಚರ್ಯಪಡಬೇಡ. ಇದರಲ್ಲಿ ಆಫೀಸಿನ ಮಾತು ತುಂಬ ಉಂಟು, ಅದನ್ನೆಲ್ಲ ಕೊಂಕಣಿಯಲ್ಲಿ ಬರೆಯಲು ಹೋದರೆ ನಾಳೆ ಓದಿದಾಗ ನನಗೇ ಅರ್ಥವಾಗಲಿಕ್ಕಿಲ್ಲ. ನೆರೆಮನೆಯ ಜಾರ್ಜ್ ರಜೆ ಮುಗಿಸಿ ಶನಿವಾರ ಬಹ್ರೇನಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಈ ದಪ್ಪ ಲಕೋಟೆ ಕಳಿಸುತ್ತೇನೆ. ಒಳಗೆ ಇನ್‌ಕಮ್ ಟ್ಯಾಕ್ಸಿನ ಫಾರಂಗಳಿವೆ, ಎಲ್ಲ ನಿನ್ನ ಹೆಸರಿನವು. ನೋಡಿದ ಕೂಡಲೇ ಹೆದರಿ ನನಗೆ ಫೋನ್ ಮಾಡಬೇಡ, ನಿಮಿಷಕ್ಕೆ ಎಷ್ಟು ಹೋಗುತ್ತದೆಂದು ಗೊತ್ತಲ್ಲ. ಮೊದಲು ಈ ಪತ್ರ ಪೂರ್ತಿ ಓದು. ನವೆಂಬರಿನಲ್ಲಿ ನಾನು ಅಂಚೆಯಲ್ಲಿ ಕಳಿಸಿದ ಪಾನ್ ಕಾರ್ಡಿನ ಅರ್ಜಿಗೆ ನೀನು ಫೋಟೊ ಅಂಟಿಸಿ, ಸಹಿ ಹಾಕಿ, ಇದು ಯಾಕೆ ಎಂದು ಒಂದು ಮಾತೂ ಕೇಳದೆ ಕ್ರಿಸ್ಮಸ್‌ಗೆ ಜಾರ್ಜ್ ಬರುವಾಗ ಕಳಿಸಿಕೊಟ್ಟೆ. ಆಗ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಎಲ್ಲ ಒಂದು ದಡಕ್ಕೆ ಬಂದಿದೆ, ಧೈರ್ಯದಿಂದ ಹೇಳುತ್ತೇನೆ.

ಶುರುವಾದದ್ದು ಅಕ್ಟೋಬರಿನಲ್ಲಿ. ಕ್ಲಾಯ್ಡ್‌ನ ಮುಂದಿನ ವರ್ಷಗಳ ಫೀಸಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ನಮ್ಮ ಬಾಡಿಗೆ ಕಟ್ಟಡದ ಪತ್ರ. ಮ್ಯಾನೇಜರ್ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟು, 'ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಇಟ್ಟುಬಿಡಿ ಸಾರ್' ಎಂದರು. ಮನೆಯಲ್ಲಿ ಉಂಟು, ತರುತ್ತೇನೆ ಎಂದು ಎದ್ದು ಬಂದೆ. ಮನೆಯಲ್ಲಿ ಎಂತ ಉಂಟು? ಒಂದು ಕಾಗದವೂ ಇಲ್ಲ. ಡುಲ್ಸಿನ್, ನಿನಗೆ ನೆನಪಿರಬಹುದು, ನಾಲ್ಕು ವರ್ಷದ ಹಿಂದೆ ನೀನು ಫೋನಿನಲ್ಲಿ ಕೇಳಿದ್ದೆ. ನಮ್ಮ ಸಂಬಳಕ್ಕೆ ಊರಿನಲ್ಲಿ ತೆರಿಗೆ ಇಲ್ಲದಿದ್ದರೂ ಊರಿನ ಬಾಡಿಗೆಗೆ ಉಂಟಂತೆ, ನೀವು ಕಟ್ಟುತ್ತಿದ್ದೀರಲ್ಲ ಎಂದು. 'ಅದೆಲ್ಲ ಕ್ರಮವಾಗಿ ಕಟ್ಟುತ್ತಾ ಇದ್ದೇನೆ, ನೀನು ತಲೆಬಿಸಿ ಮಾಡಬೇಡ' ಎಂದಿದ್ದೆ. ಅದು ಸುಳ್ಳು. ಒಂದು ವರ್ಷವೂ ಕಟ್ಟಿರಲಿಲ್ಲ. ಗಲ್ಫಿನವರಿಗೆ ಟ್ಯಾಕ್ಸ್ ಇಲ್ಲ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು, ನನಗೆ ಬೇಕಾದದ್ದೂ ಅದೇ. ನೀನು ಕೇಳಿದಾಗ ವಿಚಾರಿಸಬಹುದಿತ್ತು. ಆದರೆ ನನಗೆ ಗೊತ್ತಿಲ್ಲ ಎಂದು ನಿನ್ನ ಹತ್ತಿರ ಹೇಳುವುದು ಹೇಗೆ? ನೀನು ದುಡಿದು ಕಳಿಸುವವಳು, ನಾನು ಊರಿನಲ್ಲಿ ಕೂತು ನೋಡಿಕೊಳ್ಳುವವನು. ನೋಡಿಕೊಳ್ಳಲಿಕ್ಕೂ ಬರುವುದಿಲ್ಲ ಎಂದರೆ ಮತ್ತೆ ನಾನು ಎಂತಕ್ಕೆ ಎಂಬ ಯೋಚನೆ.

ಕಾರ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ, ಪ್ರಿಂಟಿಂಗ್ ಪ್ರೆಸ್ಸಿನ ಮಾಳಿಗೆಯಲ್ಲಿ ದೂಮಪ್ಪ ಎಂಬವರ ಆಫೀಸು ಉಂಟು. ಮೊದಲು ಕಾಮರ್ಸ್ ಮಾಸ್ಟ್ರು, ಈಗ ಜನರ ಟ್ಯಾಕ್ಸಿನ ಕೆಲಸ ಮಾಡಿಕೊಡುತ್ತಾರೆ. ಮಾಸ್ಟ್ರ ಸ್ವಭಾವ ಇನ್ನೂ ಹೋಗಿಲ್ಲ, ಎದುರಿಗೆ ಕೂತವರೆಲ್ಲ ಹೋಮ್‌ವರ್ಕ್ ಮಾಡದೆ ಬಂದವರ ಹಾಗೆ ಅವರಿಗೆ ಕಾಣುತ್ತದೆ. ನಾನಂತೂ ಏಳು ವರ್ಷದ ಹೋಮ್‌ವರ್ಕ್ ಮಾಡದೆ ಹೋದವನು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು. ಇತ್ತೀಚಿನ ಎರಡು ವರ್ಷದ್ದನ್ನು ತಡವಾಗಿಯಾದರೂ ಸಲ್ಲಿಸಬಹುದು, ಅದರಲ್ಲಿ ಒಂದಕ್ಕೆ ಮಾರ್ಚ್ ಮೂವತ್ತೊಂದು ಕೊನೆ. ಅದಕ್ಕಿಂತ ಹಳೆಯದನ್ನು ನಾವಾಗಿ ತುಂಬಿಸಿ ಕೊಟ್ಟರೆ ನಡೆಯುವುದಿಲ್ಲ, ಟ್ಯಾಕ್ಸ್ ಆಫೀಸಿನವರು ನೋಟೀಸ್ ಕೊಟ್ಟು ಕೇಳಬೇಕು. ಆದ್ದರಿಂದ ನಾವೇ ಉಡುಪಿಗೆ ಹೋಗಿ, ದಯವಿಟ್ಟು ನಮಗೆ ನೋಟೀಸ್ ಕೊಡಿ ಎಂದು ಕೇಳಬೇಕು. ಜನ ನೋಟೀಸ್ ಬಂದರೆ ಹಿತ್ತಲ ಬಾಗಿಲಿನಿಂದ ಓಡುತ್ತಾರೆ, ನಾನು ಅರ್ಜಿ ಹಾಕಿ ತರಿಸಿಕೊಳ್ಳಬೇಕು, ನನ್ನ ಗ್ರಹಚಾರ ನೋಡು ಮಾರಾಯ್ತಿ!

ಆಮೇಲೆ ಅವರು ಪೆನ್ನಿನ ಮುಚ್ಚಳ ತೆಗೆದು, 'ಬ್ಯಾಪ್ಟಿಸ್ಟ್ ಪೊರ್ಬುಗಳೇ, ಕಟ್ಟಡ ಕಟ್ಟಿದ ದುಡ್ಡು ಯಾರದ್ದು?' ಎಂದರು. ನನ್ನದೇ, ಬಹ್ರೇನಿನಲ್ಲಿ ದುಡಿದದ್ದು ಎಂದೆ. ಯೋಚನೆಯನ್ನೂ ಮಾಡಲಿಲ್ಲ, ಬಾಯಿ ತಾನಾಗಿ ಹೇಳಿತು. ಒಂಬತ್ತು ವರ್ಷದಿಂದ ಎಲ್ಲರ ಹತ್ತಿರ ಹೇಳಿ ಹೇಳಿ ರೂಢಿಯಾಗಿತ್ತು. ಬಸ್ಸಿನವರೂ ಆ ಸ್ಟಾಪಿಗೆ 'ಬ್ಯಾಪ್ಟಿಸ್ಟ್ ಬಿಲ್ಡಿಂಗ್' ಎಂದೇ ಕೂಗುತ್ತಾರಲ್ಲ. ದೂಮಪ್ಪನವರು ಬರೆದುಕೊಂಡರು, ಹಾಗಾದರೆ ಬ್ಯಾಂಕಿನಿಂದ ಹಣ ಬಂದ ದಾಖಲೆ ತನ್ನಿ ಎಂದರು.

ಬ್ಯಾಂಕಿನ ಕ್ಲಾರ್ಕ್ ಹಳೆಯ ಲೆಡ್ಜರುಗಳಿಂದ ಪ್ರತಿ ತೆಗೆದುಕೊಡಲು ಹತ್ತು ದಿನ ಮಾಡಿದ. ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್, ಚಾ ಹೇಳಿ ಕೂತೆ. ಹದಿನಾಲ್ಕು ಹಾಳೆ. ಬೆರಳಿಟ್ಟು ಒಂದೊಂದು ಸಾಲನ್ನೂ ನೋಡುತ್ತಾ ಹೋದೆ. ನಾನು ಬಹ್ರೇನಿನ ಕೆಲಸ ಬಿಟ್ಟು ಊರಿಗೆ ಬಂದದ್ದು ತೊಂಬತ್ತೊಂದರಲ್ಲಿ. ನನ್ನ ಉಳಿತಾಯ ತಂಗಿಯ ಮದುವೆಗೆ, ಬಾವಿಗೆ ಮುಗಿದಿತ್ತು, ಅದೂ ಅಲ್ಲಿ ಕಂಡಿತು. ಜಾಗ ಕೊಂಡದ್ದು ತೊಂಬತ್ಮೂರರಲ್ಲಿ, ತಳಪಾಯ ತೊಂಬತ್ನಾಲ್ಕು. ಆ ಎರಡು ವರ್ಷದ ಪ್ರತಿ ಸಾಲಿನಲ್ಲಿ ಕಳಿಸಿದವರ ಹೆಸರು ಡುಲ್ಸಿನ್, ಡುಲ್ಸಿನ್, ಡುಲ್ಸಿನ್. ನನ್ನ ಹೆಸರು ಇದ್ದದ್ದು ಹಣ ತೆಗೆದ ಕಡೆಯಲ್ಲಿ ಮಾತ್ರ.

ಎಂಟನೇ ಹಾಳೆಯಲ್ಲಿ 1995 ಮೇ 6ರ ಒಂದು ದೊಡ್ಡ ಡ್ರಾಫ್ಟ್ ಇತ್ತು. ಸ್ಲ್ಯಾಬಿನ ದುಡ್ಡು. ಅದೇ ತಿಂಗಳು ಎರಡನೇ ತಾರೀಕಿಗೆ ಕಾಪುವಿನಲ್ಲಿ ನಿನ್ನ ಅಮ್ಮ ತೀರಿಕೊಂಡದ್ದು. ನೀನು ಅಳುತ್ತಾ ಫೋನ್ ಮಾಡಿದ್ದೆ, ಬರಬೇಕು, ಟಿಕೆಟಿಗೆ ದುಡ್ಡು ಹೊಂದಿಸುತ್ತೇನೆ ಎಂದು. ನಾನು ಎಂತ ಹೇಳಿದೆ? ಮಳೆ ಬರುವ ಮೊದಲು ಸ್ಲ್ಯಾಬ್ ಆಗಬೇಕು, ಕೆಲಸದವರು ಕಾಯುತ್ತಿದ್ದಾರೆ, ನೀನು ಬಂದು ಮುಟ್ಟುವಾಗ ಮಣ್ಣು ಮಾಡಿ ಆಗಿರುತ್ತದೆ, ಬಂದು ಏನು ಮಾಡುತ್ತಿ? ನೀನು ಬರಲಿಲ್ಲ. ನಾಲ್ಕು ದಿನದಲ್ಲಿ ನೀನು ಡ್ರಾಫ್ಟ್ ಮಾಡಿಸಿ ಕಳಿಸಿದೆ. ಕಾಪುವಿಗೆ ಹೋಗಿ ನಿನ್ನ ಬದಲಿಗೆ ಮಣ್ಣು ಹಾಕಿ ಬಂದವನು ನಾನು, ಮರುವಾರ ಸ್ಲ್ಯಾಬಿಗೆ ನೀರು ಹೊಡೆಸುತ್ತಾ ನಿಂತವನೂ ನಾನೇ. ಆಗ ನನಗೆ ಏನೂ ಅನಿಸಿರಲಿಲ್ಲ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ಹೋಟೆಲಿನಲ್ಲಿ ಮುಟ್ಟದ ಬನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟೆ ಡುಲ್ಸಿನ್. ಹುಷಾರಿಲ್ವಾ ಎಂದು ಸಪ್ಲೈಯರ್ ಕೇಳಿದ. ಕ್ಷಮಿಸು ಎಂದು ಬರೆಯುವುದು ಸುಲಭ, ಆದರೂ ಬರೆಯುತ್ತೇನೆ. ಕ್ಷಮಿಸು.

ಅಲ್ಲಿಂದ ಎದ್ದು ಸೀದಾ ದೂಮಪ್ಪನವರ ಮೆಟ್ಟಿಲು ಹತ್ತಿದೆ. ಮಾಸ್ಟ್ರೇ, ಮೊನ್ನೆ ಬರೆದದ್ದನ್ನು ಹೊಡೆದುಹಾಕಿ, ದುಡ್ಡು ಪೂರ್ತಿ ನನ್ನ ಹೆಂಡತಿಯದ್ದು ಎಂದೆ. ಅವರು ಹಾಳೆಗಳನ್ನು ನೋಡಿ ತಲೆಯಾಡಿಸಿದರು. ಹೆಂಡತಿಯ ಹಣದಿಂದ ಗಂಡನ ಹೆಸರಿನಲ್ಲಿ ಆಸ್ತಿ ಮಾಡಿದರೆ, ಅದರ ಬಾಡಿಗೆ ಹೆಂಡತಿಯ ಆದಾಯವೆಂದೇ ಕಾನೂನು ಹಿಡಿಯುತ್ತದಂತೆ. 'ಸರಕಾರಕ್ಕೆ ಯಾವಾಗಲೋ ಗೊತ್ತಿತ್ತು, ನಿಮಗೆ ಈಗ ಗೊತ್ತಾಯಿತು, ಅಲ್ವಾ?' ಎಂದು ನಕ್ಕರು. ಪಾನ್ ಕಾರ್ಡ್ ನಿನ್ನ ಹೆಸರಿನಲ್ಲಿ ಮಾಡಿಸಬೇಕಾದದ್ದು ಹೀಗೆ.

ಮುಂದಿನ ತೊಂದರೆ ಬಾಡಿಗೆಯ ಮೊತ್ತದ್ದು. ಕೆಳಗಿನ ಎರಡು ಅಂಗಡಿಯವರು ಬ್ಯಾಂಕಿಗೆ ಹಾಕುತ್ತಾರೆ, ಅದು ಸಿಕ್ಕಿತು. ಮಾಳಿಗೆಯ ಕೋಣೆಗಳದ್ದು ನಗದು. ಅಲ್ಲಿರುವವರು ನಿನಗೆ ಗೊತ್ತು, ಬಾಗಲಕೋಟೆ ಕಡೆಯ ಮಾನಪ್ಪ, ಕಲ್ಲುಕೋರೆಯಲ್ಲಿ ಕೆಲಸ ಮಾಡುವವ, ಅವನ ಹೆಂಡತಿ ರಾಚವ್ವ. ನೀನು ಹಿಂದಿನ ಸಲ ಬಂದಾಗ ಅವರ ಮಗಳು ಸವಿತಾಳಿಗೆ ಫ್ರಾಕ್ ಕೊಟ್ಟಿದ್ದೆ. ನಾನು ಯಾವತ್ತೂ ಅವರಿಗೆ ರಸೀದಿ ಕೊಟ್ಟವನಲ್ಲ. ರಾಚವ್ವ ಕೇಳಿರಲಿಲ್ಲ ಎಂದಲ್ಲ. ರೇಷನ್ ಕಾರ್ಡಿಗೆ ವಾಸದ ದಾಖಲೆ ಬೇಕು, ಇಲ್ಲಿ ಬಾಡಿಗೆಗೆ ಇದ್ದೇವೆಂದು ಒಂದು ಚೀಟಿ ಬರೆದುಕೊಡಿ ಎಂದು ಪ್ರತಿ ವರ್ಷ ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದಳು. ನಾಳೆ ನೋಡುವ ಎನ್ನುತ್ತಿದ್ದೆ. ಚೀಟಿ ಕೊಟ್ಟರೆ ಬಾಡಿಗೆ ತೆಗೆದುಕೊಳ್ಳುತ್ತೇನೆಂಬುದಕ್ಕೆ ಸಾಕ್ಷಿಯಾಗುತ್ತದೆ ಎಂಬ ಹೆದರಿಕೆ ನನಗೆ. ಏಳು ವರ್ಷ ಆ ಸಂಸಾರ ಅಂಗಡಿಯ ರೇಟಿನಲ್ಲಿ ಅಕ್ಕಿ, ಸೀಮೆಎಣ್ಣೆ ತಂದಿತು.

ಈ ಸಲ ನಾನೇ ಮೆಟ್ಟಿಲು ಹತ್ತಿ ಹೋಗಿ, ಈವರೆಗೆ ಎಷ್ಟೆಷ್ಟು ಬಾಡಿಗೆ ಕೊಟ್ಟಿದ್ದೀರಿ, ನೆನಪುಂಟಾ ಎಂದು ಕೇಳಿದೆ. ಮಾನಪ್ಪ ಗಾಬರಿಯಾದ, ಬಾಡಿಗೆ ಏರಿಸುತ್ತೇನೆಂದೋ ಬಿಡಿಸುತ್ತೇನೆಂದೋ ಅಂದುಕೊಂಡ. ರಾಚವ್ವ ಒಳಗೆ ಹೋಗಿ ಟ್ರಂಕಿನಿಂದ ಸುತ್ತಿಟ್ಟ ಏಳು ಗೋಡೆ ಕ್ಯಾಲೆಂಡರ್ ತಂದು ಬಿಡಿಸಿದಳು. ಬಾಡಿಗೆ ಕೊಟ್ಟ ದಿನಕ್ಕೆಲ್ಲ ಕುಂಕುಮದ ಬೊಟ್ಟು. ಹಳೆಯವುಗಳಲ್ಲಿ ನೂರಕ್ಕೆ ಒಂದರಂತೆ ಗೀಟು, ಸವಿತಾ ಶಾಲೆಗೆ ಸೇರಿದ ಮೇಲಿನವುಗಳಲ್ಲಿ ದುಂಡಗಿನ ಅಂಕಿ. ಒಂದು ತಿಂಗಳೂ ಬಿಟ್ಟಿಲ್ಲ. 'ನೀವು ಚೀಟಿ ಕೊಡಲಿಲ್ಲಲ್ರೀ ಸಾಹುಕಾರ್ರ, ಅದಕ್ಕ ನಾನ ಬರದಿಟ್ಟೀನಿ' ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೂಡಿಸಿ ನೋಡಿದರೆ ನಾನು ನೆನಪಿನಿಂದ ಬರೆದದ್ದಕ್ಕಿಂತ ಮೂವತ್ತೆಂಟು ಸಾವಿರ ಹೆಚ್ಚು. ಕಟ್ಟಡದ ಬಳಿ ಸಿಕ್ಕಿದ ಒಬ್ಬ ಸ್ನೇಹಿತ, ಅವನ ಹೆಸರು ಬೇಡ, ನಗದಿಗೆ ಯಾರು ಸಾಕ್ಷಿ, ಅರ್ಧ ತೋರಿಸು ಸಾಕು ಎಂದ. ಸಾಕ್ಷಿ ಏಳು ಕ್ಯಾಲೆಂಡರ್ ಉಂಟು ಮಾರಾಯ ಎಂದೆ. ಪೂರ್ತಿ ತೋರಿಸಿದ್ದೇನೆ. ಅದೇ ದಿನ ರಾಚವ್ವನಿಗೆ ಬಾಡಿಗೆ ಕರಾರು ಬರೆಸಿ, ಹಳೆಯ ವರ್ಷಗಳಿಗೂ ರಸೀದಿ ಕೊಟ್ಟೆ. ನಾನೇ ಅವರ ಜೊತೆ ಕಾರ್ಕಳದ ತಾಲೂಕು ಆಫೀಸಿಗೆ ಹೋಗಿ ಕ್ಯೂ ನಿಂತೆ. ಕಳೆದ ಗುರುವಾರ ಅವರಿಗೆ ರೇಷನ್ ಕಾರ್ಡ್ ಸಿಕ್ಕಿತು. ಸವಿತಾ ಓಡಿ ಬಂದು ತೋರಿಸಿದಳು, ಅದರಲ್ಲಿ ಅವಳ ಹೆಸರೂ ಉಂಟು.

ಜನವರಿ ಇಪ್ಪತ್ತಕ್ಕೆ ದೂಮಪ್ಪನವರೂ ನಾನೂ ಉಡುಪಿಗೆ ಹೋದೆವು. ಬೆಳಿಗ್ಗೆಯ ಬಸ್ಸು, ದಾರಿಯುದ್ದಕ್ಕೂ ಅವರು ನನಗೆ ಪಾಠ ಹೇಳಿಕೊಟ್ಟರು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ, ಕಥೆ ಹೇಳಬೇಡಿ ಎಂದು. ಆಫೀಸರು ಹೆಂಗಸು, ನಿನ್ನದೇ ವಯಸ್ಸಿರಬಹುದು. ಕನ್ನಡಕದ ಮೇಲಿಂದ ನೋಡಿ, 'ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?' ಎಂದು ಕೇಳಿದರು. ಗೊತ್ತಿರಲಿಲ್ಲ ಎಂದು ಹೇಳಿ ಎಂದು ದೂಮಪ್ಪನವರು ಕಲಿಸಿದ್ದರು. ಆದರೆ ನಾನು, ಮೊದಲು ಗೊತ್ತಿರಲಿಲ್ಲ ಮೇಡಂ, ಹೆಂಡತಿ ಕೇಳಿದ ಮೇಲೂ ವಿಚಾರಿಸಲಿಲ್ಲ, ಆಮೇಲೆ ನಾಲ್ಕು ವರ್ಷ ನನ್ನ ಸೋಮಾರಿತನ ಮತ್ತು ಬಡಿವಾರ ಎಂದುಬಿಟ್ಟೆ. ದೂಮಪ್ಪನವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆಫೀಸರು, ಕಟ್ಟಡಕ್ಕೆ ಹಣ ಯಾರದ್ದೆಂದು ಕೈಬರಹದಲ್ಲಿ ಬರೆದುಕೊಡಿ ಎಂದು ಕಾಗದ ಕೊಟ್ಟರು. ಅಲ್ಲೇ ಬೆಂಚಿನಲ್ಲಿ ಕೂತು ಬರೆದೆ: 'ಬೆಳ್ಮಣ್‌ನಲ್ಲಿ ನನ್ನ ಹೆಸರಿನಲ್ಲಿರುವ ಕಟ್ಟಡದ ಜಾಗವನ್ನು ಕೊಂಡದ್ದು ಮತ್ತು ಅದನ್ನು ಕಟ್ಟಿಸಿದ್ದು ಬಹ್ರೇನಿನಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಡುಲ್ಸಿನ್‌ಳ ದುಡಿಮೆಯಿಂದ. ನನ್ನ ಹಣ ಇದರಲ್ಲಿ ಇಲ್ಲ.' ಮೂರು ಸಲ ಓದಿ ಸಹಿ ಹಾಕಿದೆ. ನಿಜ ಹೇಳುತ್ತೇನೆ, ಬರೆಯುವ ತನಕ ಕಷ್ಟವಾಗಿತ್ತು, ಬರೆದ ಮೇಲೆ ಹಗುರವಾಯಿತು. ಹೊರಗೆ ಬಂದು ದೂಮಪ್ಪನವರಿಗೆ ಐಸ್‌ಕ್ರೀಮ್ ತಿನ್ನಿಸಿದೆ. ಇಷ್ಟು ವರ್ಷದಲ್ಲಿ ತನ್ನ ಮೇಲೆ ತಾನೇ ದೂರು ಕೊಟ್ಟ ಕಕ್ಷಿದಾರನನ್ನು ನೋಡಲಿಲ್ಲ ಎಂದು ತಿನ್ನುತ್ತಲೇ ಬೈದರು.

ನೋಟೀಸುಗಳು ಬಂದಿವೆ, ಐದು, ನಿನ್ನ ಹೆಸರಿಗೆ. ತೆರಿಗೆ, ಬಡ್ಡಿ ಎಲ್ಲ ಸೇರಿ ಎಂಬತ್ತಮೂರು ಸಾವಿರ ಚಿಲ್ಲರೆ. ಕಟ್ಟಿಯಾಗಿದೆ. ನೀನು ಕಳಿಸಿದ್ದನ್ನು ಮುಟ್ಟಲಿಲ್ಲ, ಮಾರುತಿ ವ್ಯಾನನ್ನು ಮಾರಿದೆ. ಇಗರ್ಜಿಗೆ ನಡೆದರೆ ಹತ್ತು ನಿಮಿಷ, ಅದಕ್ಕೆ ವ್ಯಾನ್ ಎಂತಕ್ಕೆ? ದಂಡ ಹಾಕುವರೋ ಬಿಡುವರೋ ಇನ್ನೂ ತಿಳಿಯದು. ತಾವಾಗಿ ಬಂದಿದ್ದಾರೆಂದು ಕಡತದಲ್ಲಿ ಬರೆಯುತ್ತೇನೆ ಎಂದು ಆಫೀಸರು ಹೇಳಿದ್ದಾರೆ. ಹಾಕಿದರೆ ಅದನ್ನೂ ನಾನೇ ಕಟ್ಟುತ್ತೇನೆ, ನೀನು ಒಂದು ದಿನಾರ್ ಹೆಚ್ಚು ಕಳಿಸಬೇಡ. ಕ್ಲಾಯ್ಡ್‌ನ ಸಾಲಕ್ಕೂ ಈ ರಿಟರ್ನ್ಸ್ ಸಲ್ಲಿಸಿದ ರಸೀದಿ ಸಾಕು ಎಂದು ಮ್ಯಾನೇಜರ್ ಒಪ್ಪಿದ್ದಾರೆ.

ನೀನು ಮಾಡಬೇಕಾದದ್ದು ಇಷ್ಟೇ. ಪೆನ್ಸಿಲಿನಿಂದ ಗುಣಿಸು ಗುರುತು ಹಾಕಿದಲ್ಲೆಲ್ಲ ಪಾನ್ ಅರ್ಜಿಯಲ್ಲಿ ಹಾಕಿದ ಹಾಗೆಯೇ ಸಹಿ ಹಾಕು. ಆದರೆ ಈ ಸಲ ಓದದೆ ಹಾಕಬೇಡ. ಪ್ರತಿ ಪುಟ ಓದು, ತಪ್ಪು ಕಂಡರೆ ಕೆಂಪು ಪೆನ್ನಿನಿಂದ ಬರೆ. ತಿಂಗಳೊಳಗೆ ಕೊರಿಯರ್ ಮಾಡಿದರೆ ಮಾರ್ಚ್ ಮೂವತ್ತೊಂದರ ಒಳಗೆ ಉಡುಪಿಗೆ ಮುಟ್ಟಿಸುತ್ತೇನೆ, ಅದು ನನ್ನ ಜವಾಬ್ದಾರಿ.

ಆರೋಗ್ಯ ನೋಡಿಕೋ. ಜಾರ್ಜ್ ಕೈಯಲ್ಲಿ ಹಪ್ಪಳ, ಮಿಡಿ ಉಪ್ಪಿನಕಾಯಿ, ನಿನ್ನ ಅಣ್ಣ ಕಾಪುವಿನಿಂದ ಕಳಿಸಿದ ಒಣ ಸಿಗಡಿ ಇಟ್ಟಿದ್ದೇನೆ. ನಿನ್ನ ರೂಮಿನ ಗೆಳತಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ರಾಚವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಎರಡು ಸಲ ಹೇಳಿದ್ದಾಳೆ. ದೇವ್ ಬರೆಂ ಕರುಂ, ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ,
ಬ್ಯಾಪ್ಟಿಸ್ಟ್

ತಾ.ಕ.: ಲಕೋಟೆಗೆ ಅಂಟು ಹಾಕುವ ಮೊದಲು ಇಷ್ಟು. ಜಾರ್ಜ್ ಹೊರಗೆ ಕಾಯುತ್ತಿದ್ದಾನೆ, ಹಾಗಾಗಿ ಅವಸರದಲ್ಲಿ ಬರೆಯುತ್ತೇನೆ. ಕಟ್ಟಡವನ್ನು ನಿನ್ನ ಹೆಸರಿಗೆ ಮಾಡುವ ಪತ್ರ ಬರೆಸಿ ಇಟ್ಟಿದ್ದೇನೆ, ಯಾರ ಒತ್ತಾಯವೂ ಇಲ್ಲದೆ, ಯಾರೂ ಹೇಳದೆ. ಕಾರ್ಕಳದ ರಿಜಿಸ್ಟ್ರಾರ್ ಆಫೀಸಿಗೆ ಇಬ್ಬರೂ ಹೋಗಿ ಸಹಿ ಹಾಕುವ ಎಂದು ನನ್ನ ಆಸೆ, ಇದನ್ನು ಅಂಚೆಯಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಎರಡು ವರ್ಷದ ಹಿಂದೆ ನೀನು, ಸಾಕಾಯಿತು, ಕೆಲಸ ಬಿಟ್ಟು ಬರಲಾ ಎಂದು ಬರೆದಿದ್ದೆ. ಈಗ ಬೇಡ, ಖರ್ಚು ಉಂಟು ಎಂದು ನಾನು ಉತ್ತರ ಬರೆದೆ. ಆ ಕಾಗದ ಇದ್ದರೆ ಹರಿದುಹಾಕು. ಕ್ಲಾಯ್ಡ್‌ನ ಸಾಲ ಆಗುತ್ತದೆ, ಬಾಡಿಗೆ ಬರುತ್ತದೆ, ನನಗೂ ಕಾರ್ಕಳದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿದೆ, ಸೋಮವಾರದಿಂದ ಹೋಗುತ್ತೇನೆ. ಬರುವುದೂ ಇರುವುದೂ ನಿನ್ನ ಇಷ್ಟ, ನನ್ನನ್ನು ಕೇಳಬೇಕಾಗಿಲ್ಲ. ಬರುತ್ತಿ ಎಂದಾದರೆ ತಾರೀಕು ಮಾತ್ರ ಬರೆ, ಏರ್‌ಪೋರ್ಟಿಗೆ ಬರುತ್ತೇನೆ. ಅಲ್ಲಿಂದ ಮನೆಗೆ ಬರುವ ಮೊದಲು ಕಾಪುವಿಗೆ ಹೋಗುವ, ನಿನ್ನ ಅಮ್ಮನ ಹತ್ತಿರ.